ಸಮುದ್ರ ಯಾರ ಸೂಟಿಗೆ?

ಬೇಸಿಗೆ ಬಂತೆಂದರೆ ಅಣ್ಣಿಗೇರಿ, ನವಲಗುಂದದ ಎರೆಹೊಲ ಬಿರಿದು ಬಾಯಿ ಬಿಡುತ್ತದೆ. ತಗಡಿನ ಮಾಡಿನ ಕೆಳಗೆ ಹಗಲು ಕೂಡಲಾಗದು, ರಾತ್ರಿ ಮಲಗಲಾಗದು. ಇಂಥ ದಿನಗಳಲ್ಲಿ ಹೆಂಡತಿ ಮಕ್ಕಳೊಡನೆ ಮೂರು ದಿನ ಸಮುದ್ರದಂಡೆಯಲ್ಲಿದ್ದು ಬರುತ್ತೇನೆಂದು ಒಬ್ಬ ಗಿರಣಿ ಕಾಮಗಾರ ಹೇಳಿದರೆ ಓಣಿಯವರು ನಗುತ್ತಾರೆ. "ಏನ್ ತಮ್ಮಾ, ಸಾವಕಾರ ಆದೀ ಏನ?" ಎನ್ನುತ್ತಾರೆ. ಅದೇ ಮನುಷ್ಯ ಹರಕೆ ತೀರಿಸಲು ಗೋಕರ್ಣಕ್ಕೆ ಹೊರಟರೆ ಯಾರೂ ನಗುವುದಿಲ್ಲ. ನಮ್ಮದೂ ಒಂದು ಕಾಯಿ ಒಡಸು ಎಂದು ಕೈಯಲ್ಲಿ ದುಡ್ಡು ಇಡುತ್ತಾರೆ. ದೇವರ ನೆವವಿಲ್ಲದೆ ಬಡವನು ದಣಿವಾರಿಸಿಕೊಳ್ಳಬಾರದೆಂಬ ಕಟ್ಟಳೆಯನ್ನು ಮಾಲಕರು ಹಾಕಿಲ್ಲ, ನಾವೇ ಹಾಕಿಕೊಂಡಿದ್ದೇವೆ.

ಹಾದಿ ದೂರದ್ದಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ ಘಟ್ಟ ಇಳಿದರೆ ಅಂಕೋಲೆ, ಮುಂದೆ ಗೋಕರ್ಣ. ಒಟ್ಟು ಸುಮಾರು 150 ಕಿಲೋಮೀಟರು. 2023ರ ಜೂನ್ 11ರಿಂದ ಸರಕಾರದ ಸಾದಾ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ತಿಕೀಟಿನ ಖರ್ಚಿಲ್ಲ. ಮನೆಮಂದಿಯ ಬಸ್ ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. (ಹುಬ್ಬಳ್ಳಿ-ಅಂಕೋಲೆ ರೈಲಿನ ಮಾತು ಇಲ್ಲಿ ಬೇಡ. 1990ರ ದಶಕದಲ್ಲಿ ಮಂಜೂರಾದ ಆ ಹಾದಿ ಘಟ್ಟದ ಕಾಡಿನ ತಕರಾರಿನಲ್ಲಿ ಸಿಕ್ಕು ಇನ್ನೂ ಸಮುದ್ರ ಕಂಡಿಲ್ಲ.)

ಅಲ್ಲಿ ತಂಪಿದೆಯೆಂದು ಸುಳ್ಳು ಹೇಳಲಾರೆ. ಮೇ ತಿಂಗಳಲ್ಲಿ ಕರಾವಳಿಯ ಬಿಸಿಲು ನಮ್ಮಷ್ಟು ಏರದಿದ್ದರೂ ಮೈಯ ಬೆವರು ಆರುವುದಿಲ್ಲ. ಆದರೆ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಬೀಸುತ್ತದೆ. ಮಕ್ಕಳನ್ನು ಮರಳಿನಲ್ಲಿ ಆಡಲು ಬಿಟ್ಟು, ಒಲೆಯ ಚಿಂತೆಯಿಲ್ಲದೆ ಹೊತ್ತು ಮುಳುಗುವುದನ್ನು ನೋಡುತ್ತ ಕೂಡ್ರುವುದು ನಮ್ಮ ಎಷ್ಟು ಮಂದಿ ತಾಯಂದಿರಿಗೆ ಸಿಕ್ಕಿದೆ?

ತೊಡಕಿರುವುದು ರಜೆಯಲ್ಲಿ ಮತ್ತು ಖೋಲಿಯಲ್ಲಿ. 1936ರಲ್ಲಿ ಫ್ರಾನ್ಸಿನ ಕಾಮಗಾರರು ಕಾರಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿ ಎರಡು ವಾರಗಳ ಪಗಾರಿ ರಜೆ ಗಳಿಸಿದರು. ಅಲ್ಲಿಯ ಸರಕಾರ ಅವರಿಗಾಗಿ ರೈಲು ದರವನ್ನು ನೂರಕ್ಕೆ 40ರಷ್ಟು ಇಳಿಸಿತು. ನಮ್ಮಲ್ಲಿ 1948ರ ಕಾರಖಾನೆ ಕಾಯದೆ, ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನದ ಪಗಾರಿ ರಜೆ ಕೊಟ್ಟಿತು. 2020ರ ಸಂಹಿತೆ ಆ 240ನ್ನು 180 ಮಾಡಿತು. ಒಳ್ಳೆಯದೇ. ಆದರೆ ನಮ್ಮ ಹತ್ತಿ ಜಿನ್ನಿನ ಕಾಮಗಾರ 180 ದಿನ ಎಲ್ಲಿಂದ ತರಬೇಕು? ಹತ್ತಿಯ ಸುಗ್ಗಿ ತೀರಿತೆಂದರೆ ಯಂತ್ರ ನಿಂತಿತು, ಹಾಜರಿ ಪುಸ್ತಕ ಮುಚ್ಚಿತು. ಬೇಸಿಗೆಯಲ್ಲಿ ಅವನಿಗೆ ಬೇಕಾದಷ್ಟು ಬಿಡುವಿದೆ, ಪಗಾರವಿಲ್ಲ. ಇದನ್ನು ರಜೆಯೆನ್ನುವುದು ಉಪವಾಸಕ್ಕೆ ಏಕಾದಶಿಯೆಂದು ಹೆಸರಿಟ್ಟಂತೆ. ಸುಗ್ಗಿಯಲ್ಲಿ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಪಗಾರವನ್ನು ಯಂತ್ರ ನಿಂತ ದಿನವೇ ಎಣಿಸಿ ಕೊಡಬೇಕೆಂದು ನಾವು ಕೇಳಬೇಕು.

ಚಿಕ್ಕ ಅಂಗಡಿಕಾರನಿಗೆ ರಜೆ ಕೊಡುವವನೂ ಅವನೇ, ಕೊಡದವನೂ ಅವನೇ. ಬಾಗಿಲು ಹಾಕಿದರೆ ಗಿರಾಕಿ ಎದುರಂಗಡಿಗೆ ಹೋದಾನೆಂಬ ಅಂಜಿಕೆ. ಪೇಟೆಯವರೆಲ್ಲ ಕೂಡಿ ಒಂದೇ ಸಲಕ್ಕೆ ಮೂರು ದಿನ ಬಾಗಿಲು ಹಾಕಿದರೆ ಅವನು ಎಲ್ಲಿಗೆ ಹೋದಾನು?

ಇನ್ನು ಖೋಲಿ. ಹಿಂದೆ ಗೋಕರ್ಣಕ್ಕೆ ಹೋದ ಯಾತ್ರಿಕರು ಪುರೋಹಿತರ ಮನೆಗಳಲ್ಲಿ ಇಳಿಯುತ್ತಿದ್ದರು. ಈಗ ಓಂ, ಕುಡ್ಲೆ ದಂಡೆಗಳ ಸುತ್ತ ರೆಸಾರ್ಟುಗಳೆದ್ದಿವೆ. ಶನಿವಾರ-ರವಿವಾರದ ಒಂದು ರಾತ್ರಿಯ ಬಾಡಿಗೆ ನಮ್ಮವರ ಎಷ್ಟೋ ದಿನಗಳ ಪಗಾರವನ್ನು ನುಂಗುತ್ತದೆ. ನಾನು ಮಾಸ್ತರಿಕೆ ಮಾಡಿದವನು, ಸೂಟಿಯಲ್ಲಿ ಶಾಲೆ ಹೇಗೆ ಬಣಗುಟ್ಟುತ್ತದೆಂದು ಬಲ್ಲೆ. ಏಪ್ರಿಲದ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಕರಾವಳಿಯ ಸರಕಾರಿ ಶಾಲೆಗಳಿಗೂ ಬೀಗವೇ. ಗೋಡೆ, ಮಾಡು, ನೀರು, ಬಿಸಿಯೂಟದ ಅಡುಗೆಮನೆ ಇವೆ. ಚಾಪೆ, ಹೊದಿಕೆ, ರೊಟ್ಟಿ ಬುತ್ತಿ ನಾವು ಒಯ್ಯುತ್ತೇವೆ. ಮನೆಮಂದಿಗೆ ರಾತ್ರಿಗೆ 100 ರೂಪಾಯಿ ತೆಗೆದುಕೊಂಡು ಅದನ್ನು ಆ ಶಾಲೆಯ ದುರಸ್ತಿಗೇ ಬಿಡಲಿ. ಶಾಲೆ ಹೊಲಸಾದೀತೆಂದು ಮೂಗು ಮುರಿಯುವವರುಂಟು. ಚುನಾವಣೆಯ ಸಿಬ್ಬಂದಿ ಅಲ್ಲಿ ಮಲಗುವುದಿಲ್ಲವೇ? ನೆರೆ ಬಂದಾಗ ಮನೆ ಕಳಕೊಂಡವರು ಅಲ್ಲಿ ಇಳಿಯುವುದಿಲ್ಲವೇ? ಬಿಡುವಾಗ ಕಸ ಹೊಡೆದು ಕೊಡುವ ಕರಾರು ಹಾಕಿದರಾಯಿತು.

ಒಂದು ಎಚ್ಚರಿಕೆ. ಬಯಲುಸೀಮೆಯ ನಮಗೆ ಕೆರೆ ಗೊತ್ತು, ಅಲೆ ಗೊತ್ತಿಲ್ಲ. 2024ರ ಡಿಸೆಂಬರದಲ್ಲಿ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲೂಕಿನ ವಸತಿಶಾಲೆಯ ನಾಲ್ವರು ಬಾಲಕಿಯರು ಮುರ್ಡೇಶ್ವರದಲ್ಲಿ ಸಮುದ್ರದ ಪಾಲಾದರು. ಅದಾದ ಮೇಲೆ ದಂಡೆಯನ್ನು ಮುಚ್ಚಿದರು. ಮುಚ್ಚುವುದು ಸುಲಭ, ಸಾಕಷ್ಟು ಜೀವರಕ್ಷಕರನ್ನು ಪಗಾರ ಕೊಟ್ಟು ನಿಲ್ಲಿಸುವುದು ಖರ್ಚಿನ ಬಾಬು. ಅಗ್ಗದ ಖೋಲಿಯ ಜೊತೆಗೆ ಇದನ್ನೂ ಕೇಳಬೇಕು. ಮಕ್ಕಳನ್ನು ಮೊಣಕಾಲಿಗಿಂತ ಹೆಚ್ಚಿನ ನೀರಿಗೆ ಬಿಡಬೇಡಿ. ಮಳೆಗಾಲದಲ್ಲಂತೂ ಸಮುದ್ರಕ್ಕೆ ಇಳಿಯಲೇಬೇಡಿ.

ಕುಮಟೆ, ಅಂಕೋಲೆ ತಾಲೂಕಿನ ಶಾಲೆಗಳ ಕೀಲಿಕೈ ಶಿಕ್ಷಣ ಇಲಾಖೆಯ ಬಳಿ ಇದೆ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಗಳ ಕಾಮಗಾರ ಸಂಘಗಳೂ ವರ್ತಕ ಸಂಘಗಳೂ ಸಹಿ ಕೂಡಿಸಿ ಫೆಬ್ರುವರಿಯೊಳಗೆ ಅರ್ಜಿ ಕಳಿಸಲಿ. ಏಪ್ರಿಲದಲ್ಲಿ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ.