ಸುಣ್ಣಕಲ್ಲು ಪಕ್ಕದಾಗೇ ಅದ

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಸಲ್ಫರ್ ಡೈಆಕ್ಸೈಡ್‌ಗೆ ಕೇಂದ್ರ ಪರಿಸರ ಸಚಿವಾಲಯ ಮಿತಿ ಹಾಕಿದ್ದು 2015ರ ಡಿಸೆಂಬರ್‌ನಲ್ಲಿ. ಗಡುವು ಎರಡೇ ವರ್ಷ. ಅದು ಮುಂದ ಮುಂದ ಹೋಗಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಹೊಗೆ ತೊಳೆಯೋ ಎಫ್‌ಜಿಡಿ ಘಟಕ ದುಬಾರಿ ಅಂತ ವಾದ. ಎರಡೂ ಖರೇನ. ಆದರೆ ಈ ಅನಿಲ ಗಾಳಿಯಲ್ಲಿ ಸಲ್ಫೇಟ್ ಕಣವಾಗಿ ದೂರದ ಊರಿನವರ ಎದೆಗೂ ಇಳಿಯುತ್ತದೆ. 'ಎಫ್‌ಜಿಡಿ, ಇಲ್ಲಾಂದ್ರ ಏನೂ ಬ್ಯಾಡ' ಅನ್ನೋದು ಎಂಜಿನಿಯರ್ ಆಡೋ ಮಾತಲ್ಲ.

ಹಳೇದೊಂದು ದಾರಿ ಅದ: ಸುಣ್ಣಕಲ್ಲಿನ ನುಣ್ಣನೆ ಪುಡಿಯನ್ನು ನೇರ ಫರ್ನೇಸ್‌ಗೆ ಊದೋದು. ಕಲ್ಲು ಸುಟ್ಟು ಸುಣ್ಣವಾಗಿ, ಗಂಧಕದ ಅನಿಲ ಹಿಡಿದು, ಕ್ಯಾಲ್ಸಿಯಂ ಸಲ್ಫೇಟ್ ಆಗಿ ಬೂದಿಯ ಜೊತೆ ಹೊರಬೀಳುತ್ತದೆ. ಊದಬೇಕಾದ್ದು ಸುಮಾರು 1,000ದಿಂದ 1,200 ಡಿಗ್ರಿ ಸೆಲ್ಸಿಯಸ್ ಇರೋ ಜಾಗದಲ್ಲಿ. ಶಾಖ ಜಾಸ್ತಿಯಾದ್ರೆ ಸುಣ್ಣದ ರಂಧ್ರಗಳೇ ಮುಚ್ಚಿಕೊಳ್ತಾವ. ಎಫ್‌ಜಿಡಿ ಶೇ 90ಕ್ಕಿಂತ ಹೆಚ್ಚು ಹಿಡಿದರೆ ಇದು ಅರ್ಧ ಹಿಡಿದರೂ ದೊಡ್ಡದು. ಒಂದು ಟನ್ ಅನಿಲಕ್ಕೆ ಕಾಗದದ ಲೆಕ್ಕದಲ್ಲಿ 1.56 ಟನ್ ಕಲ್ಲು ಸಾಕು, ಫರ್ನೇಸ್‌ನಲ್ಲಿ ಅದರ ದುಪ್ಪಟ್ಟಾದರೂ ಬೇಕು. ಬೂದಿಯೂ ಹೆಚ್ಚು, ಕಾರ್ಬನ್ ಡೈಆಕ್ಸೈಡ್ ಕೂಡ ಸ್ವಲ್ಪ ಹೆಚ್ಚು. ಆದರೂ ಸೊನ್ನೆಗಿಂತ ಅರ್ಧ ವಾಸಿ ಅಲ್ಲೇನ್ರಿ?

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸ್ಥಾವರ ಅದ; ಅಲ್ಲಿಂದ ಹುಬ್ಬಳ್ಳಿ ಕಡೆ ಬಂದ್ರ ಬಾಗಲಕೋಟಿ, ಲೋಕಾಪುರದ ಸುಣ್ಣಕಲ್ಲು. ಆ ಕಲ್ಲು ಯಾವ ಸೈಜಿನ ಪುಡಿಯಾದಾಗ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಗಂಧಕ ಹಿಡೀತದ? ಒಂದು ಟ್ಯೂಬ್ ಫರ್ನೇಸ್, ಒಂದು ಗ್ಯಾಸ್ ಅನಲೈಸರ್ ಇದ್ದರೆ ಅಳೀಬಹುದು. ವಿದ್ಯಾನಗರದ ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಇದೂ ಒಂದು ಯಾಕ ಆಗಬಾರದು?