ಕಲಾಯಿ ಬಲ್ಲವಳಿಗೆ ಎಂಜಿನ್ ತಿಳಿಯದೇ?

"ಎಂಜಿನ್ ವಿಚಾರದಾಗ ಹೆಣ್ಮಕ್ಕಳು ಬಾಯಿ ಹಾಕಬಾರದ್ರಿ ಅಕ್ಕೋರ" ಎಂದು ಆ ಶೆಡ್ಡಿನ ಮಾಲೀಕ ನಗುನಗುತ್ತಲೇ ಹೇಳಿದ. ಪಕ್ಕದಲ್ಲಿದ್ದ ನನ್ನ ಮೈದುನನೂ ನಕ್ಕ. ನಮ್ಮವರು ನೆಲ ನೋಡುತ್ತ ನಿಂತರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಈ ಬಣ್ಣ ಎಷ್ಟು ಡಿಗ್ರಿ ಕಾವು ತಡೀತದ?" ಆ ಬಣ್ಣಕ್ಕೆ ದುಡ್ಡು ಹುಟ್ಟಿದ್ದು ನನ್ನ ಎರಡು ಬಳೆಗಳನ್ನು ಬ್ಯಾಂಕಿನಲ್ಲಿ ಇಟ್ಟದ್ದರಿಂದ. ಬಳೆ ಬಿಚ್ಚುವಾಗ ಹೆಣ್ಣಿನ ಕೈ ಬೇಕು, ಪ್ರಶ್ನೆ ಕೇಳುವಾಗ ಅವಳ ಬಾಯಿ ಬೇಡ. ಈ ನ್ಯಾಯದ ಮೇಲೆಯೇ ನನ್ನ ತಕರಾರು.

ನಮ್ಮ ಮನೆಯಲ್ಲಿರುವುದು ಮಾವನವರ ಕಾಲದ ಎಚ್‌ಎಂಟಿ ಟ್ರ್ಯಾಕ್ಟರು. ಹರಿಯಾಣದ ಪಿಂಜೋರಿನಲ್ಲಿ 1971ರಲ್ಲಿ ಈ ಸರ್ಕಾರಿ ಕಂಪನಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚುವ ತೀರ್ಮಾನ ಮಾಡಿತು. ಮದುವೆಯಲ್ಲಿ ಅಳಿಯನ ಕೈಗೆ ಕಟ್ಟುತ್ತಿದ್ದ ಎಚ್‌ಎಂಟಿ ಗಡಿಯಾರ ಹೋದ ದಾರಿಯಲ್ಲೇ ಟ್ರ್ಯಾಕ್ಟರೂ ಹೋಯಿತು. ಬಿಡಿಭಾಗಕ್ಕೆ ಈಗ ಊರೂರು ಅಲೆಯಬೇಕು. ಹೊಸದನ್ನು ಕೊಳ್ಳಬೇಕೆಂದರೆ ಲಕ್ಷಗಳ ಮಾತು. ಹೀಗಿರುವಾಗ, ಇದ್ದ ಎಂಜಿನ್ನನ್ನೇ ಬಿಚ್ಚಿ, ತುಕ್ಕು ತೆಗೆದು, ಕಾವು ತಡೆಯುವ ಪೌಡರ್ ಕೋಟಿಂಗ್ ಮಾಡಿಸಿ ಇನ್ನೂ ಹತ್ತು ವರ್ಷ ದುಡಿಸೋಣ ಎಂದು ಮೈದುನ ಹೇಳಿದ್ದು ತಪ್ಪೇನಲ್ಲ. ಹಳೆಯದನ್ನು ಕಾಪಾಡಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಕೇಳದೆ ಕಾಣದೆ ದುಡ್ಡು ಸುರಿಯುವುದಕ್ಕೆ ವಿರೋಧವಿದೆ.

ಪೌಡರ್ ಕೋಟಿಂಗ್ ಎಂದರೆ ಒಣ ಪುಡಿಯ ಬಣ್ಣ. ಪುಡಿಗೆ ವಿದ್ಯುತ್ತಿನ ಸೆಳೆತ ಕೊಟ್ಟು ಪಿಸ್ತೂಲಿನಿಂದ ಊದುತ್ತಾರೆ. ಅರ್ಥಿಂಗ್ ಕೊಟ್ಟ ಕಬ್ಬಿಣಕ್ಕೆ ಅದು ಹಿಟ್ಟು ಮೆತ್ತಿದಂತೆ ಮೆತ್ತಿಕೊಳ್ಳುತ್ತದೆ. ಅನಂತರ ದೊಡ್ಡ ಒಲೆಯಂಥ ಪೆಟ್ಟಿಗೆಯಲ್ಲಿಟ್ಟು 180ರಿಂದ 200 ಡಿಗ್ರಿ ಕಾವಿನಲ್ಲಿ ಬೇಯಿಸಿದರೆ ಪುಡಿ ಕರಗಿ, ಹರಡಿ, ಗಟ್ಟಿ ಪದರವಾಗುತ್ತದೆ. ಗೇಟು, ಕಿಟಕಿ, ಕಪಾಟುಗಳಿಗೆ ಇದು ಬಹಳ ಚೆಂದ. ಎಂಜಿನ್ನಿನ ಮೇಲಿನ ಟ್ಯಾಪೆಟ್ ಕವರಿಗೂ ಕೆಳಗಿನ ಆಯಿಲ್ ಚೇಂಬರಿಗೂ ನಡೆಯುತ್ತದೆ. ಅಲ್ಲಿಯ ಕಾವು ಅಷ್ಟೇನೂ ಏರುವುದಿಲ್ಲ. ಆದರೆ ಸುಟ್ಟ ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡ್, ಅದಕ್ಕೆ ಸೇರಿದ ಸೈಲೆನ್ಸರ್ ಕೊಳವೆ ಇವೆಯಲ್ಲ, ನೇಗಿಲು ಎಳೆಯುವಾಗ ಅವುಗಳ ಕಾವು 400 ಡಿಗ್ರಿಯನ್ನೂ ದಾಟಬಹುದು. ಅಲ್ಲಿಗೆ ಸಿಲಿಕೋನ್ ಬೆರೆಸಿದ ಬೇರೆಯೇ ಪುಡಿ ಬೇಕು. ಅದರ ಬೆಲೆಯೂ ಬೇರೆ.

ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ನಮ್ಮ ಅವ್ವಂದಿರು ಓಣಿಗೆ ಬರುತ್ತಿದ್ದ ಕಲಾಯಿಯವನ ಮುಂದೆ ಕುಳಿತು ಕಲಿತ ಪಾಠವೇ ಇದು. ಹಿತ್ತಾಳೆಯ ಪಾತ್ರೆಯನ್ನು ಮೊದಲು ಚೆನ್ನಾಗಿ ತಿಕ್ಕಬೇಕು. ಜಿಡ್ಡು ಉಳಿದರೆ ಕಲಾಯಿ ಹಿಡಿಯದು. ಕಾಯಿಸಿ, ನವಸಾಗರ ಹಾಕಿ ಒರೆಸಿದ ಮೇಲೆಯೇ ತವರ. ಕಲಾಯಿ ಹಾಕಿದ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಟ್ಟರೆ ಅವ್ವ ಬೈಯುತ್ತಿದ್ದಳು. ತವರ 232 ಡಿಗ್ರಿಗೆ ಕರಗುತ್ತದೆ ಎಂಬ ಅಂಕಿ ಅವಳಿಗೆ ಗೊತ್ತಿರಲಿಲ್ಲ. ಆದರೆ ಪ್ರತಿ ಲೇಪಕ್ಕೂ ಒಂದು ಮಿತಿಯಿದೆ ಎಂಬ ಮಾತು ಚೆನ್ನಾಗಿ ಗೊತ್ತಿತ್ತು. ಇಂಥವಳ ಮಗಳಿಗೆ "ನಿಮಗ ತಿಳೀದು ಬಿಡ್ರಿ" ಎಂದರೆ ಹೇಗೆ?

ನಾನು ಅಂದು ಬಿಟ್ಟುಬಿಟ್ಟೆ. ಆ ತಪ್ಪು ನನ್ನದು. ಎಂಜಿನ್ ಮನೆಗೆ ಬಂದಾಗ ಮದುವೆಯ ಮೇಜಿನಂತೆ ಹೊಳೆಯುತ್ತಿತ್ತು. ಓಣಿಯವರೆಲ್ಲ ನೋಡಿ ಹೋದರು. ಮೊದಲ ದಿನ ಸೆಲ್ಫ್ ತಿರುಗಲೇ ಇಲ್ಲ. ಅದು ಕೂರುವ ಜಾಗಕ್ಕೂ ಬಣ್ಣ ಬಳಿದು ಅರ್ಥಿಂಗ್ ತಪ್ಪಿಸಿದ್ದರು. ಊರಿನ ಮಿಸ್ತ್ರಿ ಅಲ್ಲಿಯ ಬಣ್ಣ ಹೆರೆದು ಚಾಲೂ ಮಾಡಿದ. ಮುಂಗಾರಿನ ಮೊದಲ ಹರಗಾಟದಲ್ಲೇ ಮ್ಯಾನಿಫೋಲ್ಡಿನ ಬಣ್ಣ ಗುಳ್ಳೆ ಎದ್ದು, ನಾರಿ, ಮೂರನೆಯ ದಿನಕ್ಕೆ ಹಪ್ಪಳದಂತೆ ಉದುರಿತು. ಹಳೆಯ ಬೀಡಿನ ಕಬ್ಬಿಣ ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಲೇಪದ ಮೊದಲು ಅದನ್ನು ಬರಿದಾಗಿ ಕಾಯಿಸಿ ಆ ಎಣ್ಣೆಯನ್ನು ಹೊರಹಾಕದಿದ್ದರೆ ಬಣ್ಣದೊಳಗಿಂದ ಗುಳ್ಳೆ ಏಳುವುದೇ. ದೀಪಾವಳಿಯ ಹೊತ್ತಿಗೆ ಎಂಜಿನ್ ಬಡಿಯತೊಡಗಿತು. ಬಿಚ್ಚಿದರೆ ಬೇರಿಂಗಿನ ತುಂಬ ಗೀರು. ತುಕ್ಕು ತೆಗೆಯಲು ಊದಿದ ಉಸುಕು ಎಣ್ಣೆ ಹರಿಯುವ ಒಳದಾರಿಗಳಲ್ಲಿ ಉಳಿದಿತ್ತು. ಬಣ್ಣಕ್ಕಿಂತ ಈ ರಿಪೇರಿಯ ಖರ್ಚೇ ಹೆಚ್ಚಾಯಿತು. ಬಳೆಗಳು ಬ್ಯಾಂಕಿನಲ್ಲೇ ಉಳಿದವು.

ಇಷ್ಟೇ ಆಗಿದ್ದರೆ ದುಡ್ಡಿನ ದುಃಖವೆಂದು ಸುಮ್ಮನಿರುತ್ತಿದ್ದೆ. ಜಗಳಕ್ಕೆಂದು ಮತ್ತೆ ಆ ಶೆಡ್ಡಿಗೆ ಹೋದಾಗ ಹಿಂದಿನ ತಗಡಿನ ಮರೆಯಿಂದ ಒಬ್ಬ ಹುಡುಗ ಬಂದ. ಹುಬ್ಬು, ರೆಪ್ಪೆ, ಕೂದಲೆಲ್ಲ ಬೂದಿ ಬಳಿದಂತೆ ಬೆಳ್ಳಗೆ. ಮುಖಕ್ಕೆ ಒದ್ದೆ ಟವೆಲು. ಅದನ್ನು ಬಿಚ್ಚಿ "ಅಕ್ಕೋರ, ಆರಾಮ ಅದೀರೇನ್ರಿ?" ಎಂದಾಗಲೇ ಗುರುತು ಸಿಕ್ಕಿದ್ದು. ಹತ್ತನೆಯ ಇಯತ್ತೆಯಲ್ಲಿ ನನ್ನ ಮುಂದೆ ಕುಳಿತಿದ್ದವನು. ಆ ಒಂದು ಮಾತು ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮಿದ. ನಮ್ಮ ಎಂಜಿನ್ನಿನ ತುಕ್ಕನ್ನು ಉಸುಕು ಊದಿ ತೆಗೆದವನು ಅವನೇ.

ಉಸುಕು ಕಬ್ಬಿಣಕ್ಕೆ ಬಡಿದಾಗ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ. ಅದನ್ನು ಟವೆಲು ತಡೆಯದು. ಪುಪ್ಪುಸದಲ್ಲಿ ಕುಳಿತು ಅದನ್ನು ಗಟ್ಟಿಯಾಗಿಸುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ತಡೆಯಬಹುದು, ಬಂದ ಮೇಲೆ ವಾಸಿಮಾಡಲಾಗದು. ಬ್ರಿಟನ್ 1949ರಲ್ಲೇ ಹೀಗೆ ಸಿಲಿಕಾ ಉಸುಕು ಊದುವುದನ್ನು ನಿಷೇಧಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಈ ರೋಗ ಕಂಡರೆ ವರದಿ ಮಾಡಲೇಬೇಕೆಂದಿತ್ತು. ಆದರೆ ಮೂರು ಜನ ದುಡಿಯುವ ತಗಡಿನ ಶೆಡ್ಡಿನ ತನಕ ಆ ಕಾಯ್ದೆಯ ಕೈ ಚಾಚಲಿಲ್ಲ.

ಮಾಸ್ತರಿಕೆ ಮಾಡುವ ನನಗೆ ಈ ಧೂಳಿನ ಕಥೆ ಇನ್ನೊಂದು ಕಡೆಯಿಂದಲೂ ಚುಚ್ಚುತ್ತದೆ. ನಾವೆಲ್ಲ ಅಕ್ಷರ ತಿದ್ದಿದ ಪಾಟಿಯ ಕಡ್ಡಿಗಳನ್ನು ನೆನೆಯಿರಿ. ಮಧ್ಯಪ್ರದೇಶದ ಮಂದಸೌರಿನಲ್ಲಿ ಅಂಥ ಕಡ್ಡಿಗಳನ್ನು ಕೊಯ್ಯುತ್ತಿದ್ದ ಕೆಲಸಗಾರರು ಇದೇ ರೋಗದಿಂದ ಸತ್ತರು. ಅವರಿಗಾಗಿ 1982ರಲ್ಲಿ ಆ ರಾಜ್ಯ ಕಲ್ಯಾಣ ನಿಧಿಯ ಕಾಯ್ದೆಯನ್ನೇ ಮಾಡಬೇಕಾಯಿತು. ನಮ್ಮ ಮಕ್ಕಳು ಅ ಆ ಕಲಿಯಲು ಯಾರೋ ಉಸಿರು ತೆತ್ತರು. ಈಗ ನಮ್ಮ ಎಂಜಿನ್ ಹೊಳೆಯಲು ನಾನೇ ಕಲಿಸಿದ ಹುಡುಗ ತೆರುತ್ತಿದ್ದಾನೆ.

"ನೀವು ಹಿಂಗ ಮಾತಾಡಿದ್ರ ಆ ಹುಡುಗನ ಹೊಟ್ಟಿ ಮ್ಯಾಲ ಹೊಡದಂಗ ಆಗತೈತ್ರಿ" ಎಂದ ಮಾಲೀಕ. ಇದು ಹಳೆಯ ಬೆದರಿಕೆ. ಕೆಲಸ ನಿಲ್ಲಿಸಿ ಎಂದು ನಾನೆಲ್ಲಿ ಹೇಳಿದೆ? ಉಸುಕಿನ ಬದಲು ಉಕ್ಕಿನ ಕಾಳು ಬಳಸಬಹುದು. ಕೈ ಮಾತ್ರ ಒಳಗೆ ಹೋಗುವ ಮುಚ್ಚಿದ ಪೆಟ್ಟಿಗೆಯಲ್ಲಿ ಊದಬಹುದು. ಧೂಳು ಎಳೆದುಕೊಳ್ಳುವ ಫ್ಯಾನು, ಸರಿಯಾದ ಮುಖವಾಡ ಕೊಡಬಹುದು. ಖರ್ಚು ಹೆಚ್ಚಾಗುತ್ತದೆ, ನಿಜ. ಆ ಹೆಚ್ಚಿನ ಖರ್ಚು ನನ್ನ ಬಿಲ್ಲಿನಲ್ಲಿ ಬರಲಿ, ಅವನ ಎದೆಯಲ್ಲಿ ಬರುವುದು ಬೇಡ.

ನಮ್ಮ ಬಂಕಾಪುರದ ಕೋಟೆಯೊಳಗೆ ಖಿಲಾರಿ ದನಗಳ ಸಂವರ್ಧನಾ ಕೇಂದ್ರವಿದೆ. ಎತ್ತನ್ನು ಬಲ್ಲ ಸೀಮೆ ಇದು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವವರು ನಾವು. ಆದರೆ ಮೈ ತೊಳೆದು, ಮೇವು ಹಾಕಿದ ಮೇಲೆ ಬಣ್ಣ. ಬಡಕಲು ಎತ್ತಿನ ಕೋಡಿಗೆ ಬಣ್ಣ ಬಳಿದು ಸಂತೆಗೆ ಹೊಡೆಯುವವನನ್ನು ಊರು ದಲಾಲಿ ಎನ್ನುತ್ತದೆ, ಒಕ್ಕಲಿಗನೆನ್ನುವುದಿಲ್ಲ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಹಳೆಯ ಎಂಜಿನ್ ಇರಬಹುದು, ಪಂಪಸೆಟ್ ಇರಬಹುದು, ಗಂಡನ ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಇರಬಹುದು. ದುಡ್ಡು ಕೊಡುವ ಮೊದಲು ನಾಲ್ಕು ಮಾತು ಕೇಳಿರಿ. ಈ ಪುಡಿ ಎಷ್ಟು ಡಿಗ್ರಿ ತಡೆಯುತ್ತದೆ, ಡಬ್ಬಿಯ ಮೇಲೆ ಬರೆದಿದೆಯೇ? ಬಣ್ಣಕ್ಕೆ ಮೊದಲು ಕಾಯಿಸಿ ಎಣ್ಣೆ ತೆಗೆದಿರಾ? ಬೋಲ್ಟಿನ ಮರೆ, ಜೋಡಣೆಯ ಮುಖ, ಎಣ್ಣೆಯ ದಾರಿ ಇವನ್ನೆಲ್ಲ ಮುಚ್ಚಿದಿರಾ? ತುಕ್ಕನ್ನು ಏನು ಊದಿ ತೆಗೆಯುತ್ತೀರಿ, ಊದುವವನ ಮುಖದ ಮೇಲೆ ಏನಿದೆ? ನಕ್ಕರೆ ನಗಲಿ. ನಗುವವನಿಗೆ ದುಡ್ಡು ಕೊಡಬೇಡಿರಿ.

ಈ ಸಲ ಮ್ಯಾನಿಫೋಲ್ಡಿಗೆ ನಾವು ಬಣ್ಣವನ್ನೇ ಹಚ್ಚಿಸಲಿಲ್ಲ. ಅದು ತುಕ್ಕಿನ ಕೆಂಪಿನಲ್ಲೇ ಇದೆ, ಟ್ರ್ಯಾಕ್ಟರು ಹೊಲಕ್ಕೆ ಹೋಗಿ ಬರುತ್ತಿದೆ. ಉಪಾಯವಿಲ್ಲದೆ ಸುಮ್ಮನಾದೆ ಎಂದು ಮೈದುನ ಅಂದುಕೊಂಡಿದ್ದಾನೆ. ನಾನು ಸುಮ್ಮನಾಗಿಲ್ಲ. ಆ ಹುಡುಗನನ್ನು ಎಕ್ಸ್‌ರೇ ತೆಗೆಸಲು ಮುಂದಿನ ಸೋಮವಾರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಅಂದಿನ ಪಗಾರವನ್ನು ಮಾಲೀಕ ಕತ್ತರಿಸಿದರೆ, ಅದನ್ನೂ ಹೋಗಿ ಕೇಳುವವಳು ನಾನೇ.