ಒಂದೇ ಡ್ರೈವಿಗೆ ಇಬ್ಬರು ಯಜಮಾನರು ಯಾಕ್ರೀ?

ಡ್ಯುಯಲ್ ಬೂಟ್ ಅಂದ ತಕ್ಷಣ ‘ಸಿ ಡ್ರೈವ್ ಕುಗ್ಸಿ, ಪಾರ್ಟಿಷನ್ ಮಾಡ್ಕೊಳ್ಳಿ, ಸಾಕು’ ಅಂತ ಉಪದೇಶ ಕೊಡೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಗೋಡೆ ಎಬ್ಬಿಸಿ, ತಲೆಬಾಗಿಲು ಮಾತ್ರ ಒಂದೇ ಇಟ್ಟುಕೊಂಡವರ ಜಗಳ ಇವತ್ತಿಗೂ ಮುಗಿದಿಲ್ಲ. ಇಲ್ಲಿ ಆ ತಲೆಬಾಗಿಲು ಇಎಫ್‌ಐ ಪಾರ್ಟಿಷನ್. ಇಬ್ಬರ ಬೂಟ್‌ಲೋಡರೂ ಅಲ್ಲೇ.

ಹಾಗಂತ ಎರಡನೇ ಎಸ್‌ಎಸ್‌ಡಿ ತಂದು ಹಾಕಿದರಷ್ಟೇ ಸಾಲದು. ನಾನೂ ಹಾಕಿ, ಲಿನಕ್ಸನ್ನು ಅದರಲ್ಲೇ ಕೂರಿಸಿದ್ದೆ. ಇನ್‌ಸ್ಟಾಲರ್ ಸದ್ದಿಲ್ಲದೆ ಬೂಟ್‌ಲೋಡರನ್ನು ವಿಂಡೋಸ್ ಡ್ರೈವಿಗೆ ಬರೆದಿತ್ತು, ನಾನು ನೋಡ್ಲೇ ಇಲ್ಲ. ಆರು ತಿಂಗಳಾದ್ಮೇಲೆ ಆ ಡ್ರೈವ್ ಫಾರ್ಮ್ಯಾಟ್ ಮಾಡಿದೆ. ಮರುದಿನ ರಿಲೀಸು, ಲಿನಕ್ಸ್ ಬೂಟ್ ಆಗಲೇ ಇಲ್ಲ.

ಅದಕ್ಕೇ ಹೇಳೋದು, ಇನ್‌ಸ್ಟಾಲ್ ಮಾಡೋವಾಗ ವಿಂಡೋಸ್ ಡ್ರೈವನ್ನ ಬಿಚ್ಚಿಟ್ಟುಬಿಡಿ. (ಬಿಟ್‌ಲಾಕರ್ ಇದ್ರೆ ಮೊದಲು ರಿಕವರಿ ಕೀ ಬರೆದಿಟ್ಕೊಳ್ಳಿ ಮಾರಾಯ್ರೆ!) ಆಮೇಲೆ ಯಾವುದು ಬೇಕೋ ಅದನ್ನ ಬೂಟ್ ಮೆನುವಿನಲ್ಲಿ ಆರಿಸಿದ್ರಾಯ್ತು.

ಇಷ್ಟು ಮಾಡಿದ್ರೆ ಪೂರ್ತಿ ನಿಶ್ಚಿಂತೆಯಾ? ಇಲ್ಲ. 2024ರ ಆಗಸ್ಟಿನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್, ಸೆಕ್ಯೂರ್ ಬೂಟ್ ಹಾಕಿಕೊಂಡಿದ್ದ ಎಷ್ಟೋ ಲಿನಕ್ಸ್‌ಗಳನ್ನ ಮಲಗಿಸಿತು. ಅದು ಬರೆದದ್ದು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲಿ, ಬೇರೆ ಡ್ರೈವಿದ್ದರೂ ಬಿಡಲಿಲ್ಲ. ಆದರೆ ದಿನನಿತ್ಯದ ಜಗಳವಾದರೂ ತಪ್ಪಲಿ ಅಂತೀನಿ ನಾನು. ಲ್ಯಾಪ್‌ಟಾಪಲ್ಲಿ ಒಂದೇ ಸ್ಲಾಟಾ? ಯುಎಸ್‌ಬಿ ಎಸ್‌ಎಸ್‌ಡಿ ಸಿಗುತ್ತೆ, ಅದರಲ್ಲಿ ಹಾಕ್ಕೊಳ್ಳಿ.